ತೆಗೆದ ಕಣ್ಣು ಕಂಡದ್ದು

ದೆವ್ವ, ಶಕುನ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಹುಟ್ಟಿದ್ದು ಹಲಸೂರು, ಕಂಟೋನ್ಮೆಂಟಿನ ಒಂದು ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತು ವರ್ಷದಿಂದ ನರ್ಸು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಶಿವಾಜಿನಗರದಲ್ಲಿ ಜರಿ ಕಸೂತಿ ಮಾಡುವ ಮುಮ್ತಾಜ್ ಆಪಾ ಅವರ ಬಲಗಣ್ಣಿನೊಳಗೆ ಗಡ್ಡೆ ಬೆಳೆದಿತ್ತು. ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ತೆಗೆದ ಜಾಗವನ್ನು ಖಾಲಿ ಬಿಡುವುದಿಲ್ಲ. ಅಳತೆ ನೋಡಿ ಒಂದು ಗುಂಡನ್ನು ಕೂರಿಸಿ, ಕಣ್ಣನ್ನು ಹೊರಳಿಸುವ ನಾಲ್ಕು ಸ್ನಾಯುಗಳನ್ನು ಅದಕ್ಕೇ ಹೊಲಿಯುತ್ತಾರೆ. ಮುಂದೆ ಅದರ ಮೇಲೆ ಕೃತಕ ಕಣ್ಣು ಇಟ್ಟಾಗ ಅದೂ ಹೊರಳುತ್ತದೆ. ಡಾಕ್ಟರು ಅಂದು ತುಂಬಾ ಚೆನ್ನಾಗಿ ಹೊಲಿದರು.

ತಪ್ಪು ಮಾಡಿದವಳು ನಾನು. ತೆಗೆದ ಕಣ್ಣು ಬಾಟಲಿಯಲ್ಲಿ ಲ್ಯಾಬಿಗೆ ಹೋಗಬೇಕು. ಗಡ್ಡೆ ನರಕ್ಕೆ ದಾಟಿದೆಯೋ ಇಲ್ಲವೋ ಅಲ್ಲೇ ತಿಳಿಯುವುದು. ಅಟೆಂಡರು ರಜೆಯಲ್ಲಿದ್ದ, ನಾನೇ ಹೊರಟೆ. ಅಷ್ಟರಲ್ಲಿ ಮುಂದಿನ ಕೇಸಿಗೆ ಕರೆ ಬಂತು. ಬಾಟಲಿ ಕೊಟ್ಟೇ ಬಂದೆ ಎಂದು ನನ್ನ ನೆನಪು. ಎರಡು ದಿನ ಬಿಟ್ಟು ಲ್ಯಾಬಿನವರು ಫೋನ್ ಮಾಡಿದರು: "ಸಿಸ್ಟರ್, ಬಾಟಲ್ ಬಂದೇ ಇಲ್ವಲ್ಲ?"

ಎಲ್ಲ ಕಡೆ ಹುಡುಕಿದೆ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಹೇಡಿ ನಾನು. ಆಪಾಗೆ ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ನಾನು ವಾರ್ಡಿಗೆ ಹೋದಾಗಲೆಲ್ಲ ಆಪಾ "ರಿಪೋರ್ಟ್ ಬಂತಾ ಸಿಸ್ಟರ್?" ಎನ್ನುತ್ತಿದ್ದರು.

ಫೋನ್ ಬಂದ ದಿನ ಮಧ್ಯಾಹ್ನವೂ ಅದನ್ನೇ ಕೇಳಿದರು. ಆಮೇಲೆ ಕಟ್ಟಿದ ಕಣ್ಣಿನ ಕಡೆ ಕೈ ತೋರಿಸಿದರು. "ಇದ್ರಲ್ಲಿ ಏನೋ ಕಾಣ್ಸುತ್ತೆ ಸಿಸ್ಟರ್. ಹಸಿರು ಬಟ್ಟೆ, ಅಟ್ಟಿ ಅಟ್ಟಿ. ಒಂದು ತೋಳಿಗೆ ಕೆಂಪು ದಾರದಲ್ಲಿ ಹೊಲ್ದಿದ್ದಾರೆ. ಛೀ, ಎಂಥಾ ಕೆಟ್ಟ ಹೊಲಿಗೆ!"

ಕಣ್ಣು ತೆಗೆದ ಮೇಲೂ ಆ ಜಾಗದಲ್ಲಿ ಬೆಳಕು, ಆಕಾರ ಕಾಣುವುದುಂಟು. ಮಿದುಳಿನ ಚೇಷ್ಟೆ ಅಂತ ಡಾಕ್ಟರು ಹೇಳುತ್ತಾರೆ. ನಾನೂ ಹಾಗೆಯೇ ಸಮಾಧಾನ ಹೇಳಿ ಹೊರಬಂದೆ. ಆದರೆ ಕಾಲು ಮಾತ್ರ ಥಿಯೇಟರಿನ ಗೌನುಗಳನ್ನು ಇಡುವ ಬಟ್ಟೆ ಕೋಣೆಯ ಕಡೆ ನಡೆಯಿತು.

ಒಳಗಿನ ಕಪಾಟಿನಲ್ಲಿ ಹಸಿರು ಗೌನುಗಳ ಅಟ್ಟಿ. ಮೇಲಿನದರ ತೋಳಿಗೆ ಕೆಂಪು ದಾರದ ವಕ್ರ ಹೊಲಿಗೆ. ಎದುರಿನ ಹಲಗೆಯ ಮೇಲೆ, ನನ್ನದೇ ಕೈಬರಹದ ಚೀಟಿ ಹೊತ್ತ ಬಾಟಲಿ. ಅವಸರದಲ್ಲಿ ಗೌನು ತರಲು ಹೋಗಿ ಅಲ್ಲಿ ಇಟ್ಟಿದ್ದೆನೇನೋ. ದೇವರಾಣೆಗೂ ನೆನಪಿಲ್ಲ. ಬಾಟಲಿಯನ್ನು ಎದೆಗೊತ್ತಿಕೊಂಡು ಲ್ಯಾಬಿಗೆ ಓಡಿದೆ, ದಾರಿಯುದ್ದಕ್ಕೂ ಅತ್ತೆ. ಪುಣ್ಯಕ್ಕೆ ಗಡ್ಡೆ ನರಕ್ಕೆ ದಾಟಿರಲಿಲ್ಲ.

ತಿಂಗಳೆರಡಾದ ಮೇಲೆ ಆಪಾಗೆ ಕೃತಕ ಕಣ್ಣು ಇಟ್ಟರು. ಕನ್ನಡಿ ಹಿಡಿದು ಎಡಕ್ಕೆ, ಬಲಕ್ಕೆ ನೋಡಿ ಮಗುವಿನಂತೆ ನಕ್ಕರು. ನನಗೆ ತಡೆಯಲಾಗಲಿಲ್ಲ. ಬಾಗಿಲು ಹಾಕಿ, "ಆಪಾ, ನಿಮ್ಮ ಬಾಟ್ಲಿ ಎರಡು ದಿನ ಕಳ್ದೋಗಿತ್ತು. ತಪ್ಪು ನನ್ದು, ಕ್ಷಮಿಸ್ಬಿಡಿ" ಎಂದೆ.

ಅವರು ಕನ್ನಡಿ ಕೆಳಗಿಟ್ಟರು. ಎರಡು ಕಣ್ಣೂ ಒಟ್ಟಿಗೆ ನನ್ನತ್ತ ಹೊರಳಿದವು.

"ಗೊತ್ತು ಸಿಸ್ಟರ್. ನೀವು ಅಲ್ಲಿಟ್ಟು ಬಾಗ್ಲು ಎಳ್ಕೊಂಡು ಹೋದ್ರಲ್ಲ, ನೋಡ್ತಾನೇ ಇದ್ದೆ. ಎಷ್ಟು ಕರ್ದೆ ನಿಮ್ಮನ್ನ."