ಮಾವನವರ ಗರಗಸಕ್ಕೊಂದು ಚೈನು

ನಮ್ಮ ಮನೆಯ ಆಯುಧಪೂಜೆಯಲ್ಲಿ ಮೊದಲ ಹೂವು ಏರುವುದು ಒಂದು ಗರಗಸಕ್ಕೆ. ದಿನಾ ದುಡಿಯುವ ಈಳಿಗೆಮಣೆ, ಹೊಲಿಗೆ ಮಿಷನ್ನು, ನಮ್ಮವರ ಸೈಕಲ್ಲು ಎಲ್ಲ ಆಮೇಲೆ. ಈ ಗರಗಸವಾದರೋ ನಮ್ಮ ಮನೆಗೆ ಬಂದ ಮೇಲೆ ಕರಿಬೇವಿನ ಒಂದು ಕಡ್ಡಿಯನ್ನೂ ಕಡಿದದ್ದಿಲ್ಲ. ದುಡಿಯದವರಿಗೇ ಮೊದಲ ಮಣೆ ಹಾಕುವುದು ಮನುಷ್ಯರಲ್ಲಿ ನಡೆದುಬಂದದ್ದೇ, ಆಯುಧಗಳಲ್ಲೂ ಹಾಗೇ ಇದ್ದರೆ ತಪ್ಪೇನು ಎಂದು ನಾನು ಸುಮ್ಮನಿದ್ದೇನೆ. ಇಷ್ಟಕ್ಕೂ ಆ ಗರಗಸಕ್ಕೂ ನನಗೂ ಹಳೆಯ ಜಗಳ. ಒಂದು ಕಾಲದಲ್ಲಿ ಈ ಮನೆಯಲ್ಲಿ ಅದಕ್ಕೆ ಮಂಚವಿತ್ತು, ನನಗಿರಲಿಲ್ಲ.

ನಾನು ಸೊಸೆಯಾಗಿ ಜಯನಗರಕ್ಕೆ ಬಂದಾಗ ಆ ಊರು ತನ್ನ ಹೆಸರಿಗೆ ಇನ್ನೂ ಒಗ್ಗಿಕೊಳ್ಳುತ್ತಿತ್ತು. ಸೈಟುಗಳಿಗೆ ಗುರುತಿನ ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ಯಾರೋ ಹುರುಳಿ ಬೆಳೆಯುತ್ತಿದ್ದರು. ಚಿಕ್ಕಪೇಟೆಯ ಓಣಿಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಕಳಿಸಿಕೊಡುವಾಗ ನಮ್ಮಜ್ಜಿ, “ಹುಡುಗೀನ ಕಾಡಿಗೆ ಕೊಟ್ಬಿಟ್ಯಲ್ಲೋ” ಎಂದು ನಮ್ಮಪ್ಪನನ್ನು ಬೈದಿದ್ದರು. ಕಾಡೇನಲ್ಲ. ಆದರೆ ಮನೆಯ ಹಿಂದೆ ಒಂದು ಭಾರಿ ಹೊಂಗೆಮರವಂತೂ ಇತ್ತು. ನನ್ನ ಕಥೆಯೆಲ್ಲ ಆ ಮರಕ್ಕೂ ಈ ಗರಗಸಕ್ಕೂ ನಡುವೆ ಸಿಕ್ಕಿಕೊಂಡದ್ದು.

ಮಾವನವರದು ತುಮಕೂರಿನಲ್ಲಿ ಜವಳಿ ಅಂಗಡಿ. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಬಟ್ಟೆ ಅಳೆಯುವ ಗಜಕಡ್ಡಿಯೊಂದನ್ನು ಮಾತ್ರ ಜೊತೆಗೆ ತಂದು ಇಲ್ಲಿ ಮನೆ ಕಟ್ಟಿಸಿದ್ದರು. ಹಣೆಗೆ ಅಗಲವಾದ ವಿಭೂತಿ, ಬಿಳಿ ಪಂಚೆ, ಮೆತ್ತನೆಯ ಮಾತು. ಇಡೀ ಜೀವಮಾನ ಗಿರಾಕಿಗಳ ಮಧ್ಯೆ ಇದ್ದವರಿಗೆ ಇದ್ದಕ್ಕಿದ್ದಂತೆ ಬಿಡುವಾದರೆ ಏನು ಮಾಡಿಯಾರು? ಹರಾಜಿಗೆ ಹೋಗುವುದನ್ನು ಕಲಿತರು. ಮಹಾಯುದ್ಧ ಮುಗಿದು ಎಷ್ಟು ಕಾಲವಾಗಿದ್ದರೂ ಮಿಲಿಟರಿಯವರ ಹಳೆ ಸಾಮಾನು ಬೆಂಗಳೂರಿನಲ್ಲಿ ಆಗಾಗ ಹರಾಜಿಗೆ ಬರುತ್ತಲೇ ಇತ್ತು. ಟೆಂಟಿನ ಗೂಟ, ಮುಚ್ಚಳವಿಲ್ಲದ ಹಂಡೆ, ಆಸ್ಪತ್ರೆಯ ಕಬ್ಬಿಣದ ಮಂಚ, ಹೀಗೆ ಒಂದೊಂದಾಗಿ ಬಂದು ನಮ್ಮ ಸಾಮಾನಿನ ಕೋಣೆ ಸೇರಿದವು. ಕೊನೆಗೆ ಒಂದು ದಿನ ಜಟಕಾದಲ್ಲಿ ಬಂದದ್ದು ಪೆಟ್ರೋಲಿನಿಂದ ನಡೆಯುವ ಗರಗಸ. ಒಂದು ತುದಿಯಲ್ಲಿ ಎಂಜಿನ್ನು, ಅದರಿಂದ ಹೊರಗೆ ಚಾಚಿಕೊಂಡ ಉದ್ದನೆಯ ಉಕ್ಕಿನ ಪಟ್ಟಿ. ಆ ಪಟ್ಟಿಯ ಅಂಚಿನ ಸುತ್ತ ಹಲ್ಲಿರುವ ಚೈನು ಓಡಿದರೆ ಎಂಥ ಮರವಾದರೂ ಬೆಣ್ಣೆಯಂತೆ ಕೊಯ್ದುಹೋಗುತ್ತದಂತೆ. ನಮ್ಮದರಲ್ಲಿ ಎಲ್ಲ ಇತ್ತು, ಚೈನು ಮಾತ್ರ ಇರಲಿಲ್ಲ.

“ಚೈನೇನು, ಪೇಟೇಲಿ ಸಿಗುತ್ತೆ” ಎಂದರು ಮಾವನವರು. ಆ ಮಾತಿಗೆ ನಾನು ಎಷ್ಟು ಬೆಲೆ ತೆತ್ತೆ ಎನ್ನುವುದು ನಿಮಗೆ ಗೊತ್ತಾಗಬೇಕಾದರೆ ನಮ್ಮ ಮನೆಯ ನಕ್ಷೆ ಹೇಳಬೇಕು. ಒಂದು ಹಾಲು, ಒಂದು ಅಡುಗೆಮನೆ, ಅತ್ತೆ ಮಾವನವರ ಕೋಣೆ, ಮತ್ತೆ ಆ ಸಾಮಾನಿನ ಕೋಣೆ. ಹೊಸದಾಗಿ ಮದುವೆಯಾದ ನಾವಿಬ್ಬರು ಹಾಲಿನಲ್ಲಿ. ಹಾಲೆಂದರೆ ನಮ್ಮಿಬ್ಬರಿಗೇ ಅಲ್ಲ. ಕೋರ್ಟಿಗೆ ಬಂದ ತುಮಕೂರಿನ ನೆಂಟರು, ಕಣ್ಣು ತೋರಿಸಲು ಬಂದ ಗುಬ್ಬಿಯ ನೆಂಟರು, ಬೆಂಗಳೂರು ನೋಡಲೆಂದೇ ಬಂದು ಏನೂ ನೋಡದೆ ನಮ್ಮನ್ನೇ ನೋಡುತ್ತ ಕೂತ ನೆಂಟರು, ಎಲ್ಲರ ಚಾಪೆಯೂ ಅಲ್ಲೇ. ನಮ್ಮ ಪಾಲಿಗೆ ಅಡ್ಡಲಾಗಿ ಕಟ್ಟಿದ ಒಂದು ಹಳೆ ಸೀರೆ. ಗಂಡನ ಜೊತೆ ಎರಡು ಮಾತಾಡಬೇಕಾದರೆ ನಾನು ಯಡಿಯೂರು ಕೆರೆಯ ಕಡೆ ವಾಕಿಂಗ್ ಎಂದು ಸುಳ್ಳು ಹೇಳಿ ಹೊರಡಬೇಕಿತ್ತು. ಜಗಳವಾಡಬೇಕಾದರೂ ಅಲ್ಲಿಗೇ ಹೋಗಬೇಕಿತ್ತು. ಅಲ್ಲಿ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದುಹೋಗಿ ಎಷ್ಟೋ ಒಳ್ಳೊಳ್ಳೆ ಜಗಳಗಳು ಹಾಳಾದವು.

ಮನೆಯ ಹಿಂದೆ ನಮಗೊಂದು ರೂಮು ಕಟ್ಟುವುದೆಂದು ಮದುವೆಗೆ ಮೊದಲೇ ಮಾತಾಗಿತ್ತು. ರೂಮು ಬರಬೇಕಾದ ಜಾಗದಲ್ಲಿ ಹೊಂಗೆಮರ. ಇಟ್ಟಮಡುವಿನಿಂದ ಮರ ಕಡಿಯುವ ಮುನಿಯಪ್ಪ ಬಂದು ನೋಡಿ, ಎರಡೇ ದಿನದ ಕೆಲಸ ಎಂದು ಹೇಳಿಯೂ ಹೋಗಿದ್ದ. ಅಷ್ಟರಲ್ಲಿ ಗರಗಸ ಬಂತಲ್ಲ! “ಮನೇಲೇ ಮಿಷನ್ ಇಟ್ಕೊಂಡು ಹೊರಗಿನವರನ್ನ ಯಾಕೆ ಕರೆಸೋದು? ಚೈನ್ ಒಂದು ಬಂದ್ಬಿಡ್ಲಿ” ಎಂದರು ಮಾವನವರು. ಅವರ ಮಾತಿಗೆ ಎದುರಾಡುವ ಪದ್ಧತಿ ನಮ್ಮವರಿಗಿರಲಿಲ್ಲ, ನನಗಂತೂ ಇರಲು ಸಾಧ್ಯವೇ ಇರಲಿಲ್ಲ. ರೂಮು ಬೇಕು ಎಂದು ಹೊಸ ಸೊಸೆ ಯಾವ ಬಾಯಿಂದ ಕೇಳುತ್ತಾಳೆ? ಚೈನು ಯಾವಾಗ ಬರುತ್ತೆ ಎಂದಷ್ಟೇ ಕೇಳುತ್ತಿದ್ದೆ. “ನಮ್ಮ ಸೊಸೆಗೆ ಮಿಷನ್ ಅಂದ್ರೆ ಎಷ್ಟು ಆಸಕ್ತಿ ನೋಡು” ಎಂದು ಅವರು ಅತ್ತೆಯ ಮುಂದೆ ಹೆಮ್ಮೆ ಪಡುತ್ತಿದ್ದರು. ಅತ್ತೆ ನನ್ನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಚೈನು ಬಂತು. ಒಂದಲ್ಲ, ಹಲವು ಬಂದವು. ನಮ್ಮ ಪಟ್ಟಿಯ ಅಳತೆ ಎಲ್ಲೂ ಇಲ್ಲದ ಅಳತೆ. ಅದಕ್ಕಿಂತ ಗಿಡ್ಡನೆಯದಕ್ಕೆ ಚೈನು ಸಿಗುತ್ತಿತ್ತು, ಅದಕ್ಕಿಂತ ಉದ್ದನೆಯದಕ್ಕೂ ಸಿಗುತ್ತಿತ್ತು. ಮೊದಲ ಚೈನಿಗೆ ಮಾವನವರೇ ಗಜಕಡ್ಡಿ ಹಿಡಿದು ಅಳತೆ ತೆಗೆದು ಬೊಂಬಾಯಿಗೆ ಹೇಳಿ ಕಳಿಸಿದರು. ಜವಳಿ ಅಂಗಡಿಯವರ ಕೈ. ಗಜ ಅಳೆದ ಮೇಲೆ ಒಂದು ಬೆರಳು ಮುಂದಕ್ಕೆ ಬಿಟ್ಟು ಕತ್ತರಿಸುವುದು ಅವರ ಅಂಗಡಿಯ ಧರ್ಮ. ಅಷ್ಟು ಕೊಸರು ಬಿಡದಿದ್ದರೆ ಆ ಬಟ್ಟೆಯಲ್ಲಿ ಹೊಲಿಸಿಕೊಂಡವರ ರವಿಕೆ ಬಿಗಿಯಾಗಿ ಅವರು ನಮ್ಮನ್ನು ಶಪಿಸುತ್ತಾರಂತೆ. ಇಲ್ಲೂ ಆ ಬೆರಳನ್ನು ಸೇರಿಸಿದರು. ಚೈನು ಬಂತು, ಪಟ್ಟಿಗೆ ಹಾಕಿದರೆ ಜೋಲಿಯ ಹಾಗೆ ಕೆಳಗೆ ಇಳಿಬಿತ್ತು. ಕಬ್ಬಿಣಕ್ಕೆ ಕೊಸರು ಬೇಡ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಎರಡನೆಯದು ಉದ್ದಕ್ಕೆ ಸರಿಹೋಯಿತು. ಆದರೆ ಎಂಜಿನ್ನಿನ ಒಳಗೆ ಚೈನನ್ನು ಎಳೆಯುವ ಹಲ್ಲಿನ ಚಕ್ರ ಒಂದಿದೆಯಲ್ಲ, ಅದರ ಹಲ್ಲಿಗೂ ಚೈನಿನ ಕೊಂಡಿಗಳ ನಡುವಿನ ಅಂತರಕ್ಕೂ ತಾಳೆಯಾಗಲಿಲ್ಲ. ಆಮೇಲೆ ಬಂದದ್ದು ಉದ್ದಕ್ಕೂ ಸರಿ, ಚಕ್ರಕ್ಕೂ ಸರಿ, ಪಟ್ಟಿಯ ಅಂಚಿನ ಸೀಳಿನೊಳಗೆ ಮಾತ್ರ ಇಳಿಯಲೊಲ್ಲದು, ದಪ್ಪ ಹೆಚ್ಚು. ಉದ್ದ, ಅಂತರ, ದಪ್ಪ, ಈ ಮೂರೂ ಕೂಡಬೇಕು. ನನ್ನ ಜಾತಕವನ್ನು ನಮ್ಮವರ ಜಾತಕಕ್ಕೆ ಕೂಡಿಸಲು ಇಷ್ಟು ಕಷ್ಟವಾಗಿರಲಿಲ್ಲ. ಅಲ್ಲಿ ಒಂದೆರಡು ಕೂಡದಿದ್ದರೂ ಶಾಸ್ತ್ರಿಗಳು ಶಾಂತಿ ಮಾಡಿಸಿ ಹೊಂದಿಸಿದ್ದರು. ಚೈನಿಗೆ ಶಾಂತಿ ಮಾಡಿಸುವವರು ಮಿಷನ್ನಿನ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯಲ್ಲೂ ಇರಲಿಲ್ಲ.

ಲೋಕವಿರುವುದೇ ನಡುವಿನ ಅಳತೆಯವರಿಗೆ ಎಂದು ನನಗೆ ಆಗ ಅನ್ನಿಸಿತ್ತು. ನಮ್ಮವರ ಪಾದ ಸ್ವಲ್ಪ ದೊಡ್ಡದು, ಅಂಗಡಿಯ ಯಾವ ಚಪ್ಪಲಿಯೂ ಆಗುವುದಿಲ್ಲ. ನನ್ನ ಕೈ ಸಣ್ಣದು, ಬಳೆಗಾರ ತಂದದ್ದೆಲ್ಲ ಮೊಣಕೈವರೆಗೆ ಏರುತ್ತದೆ. ಅಂಗಡಿಯವನು ಒಮ್ಮೆಯಾದರೂ ತನ್ನ ಸರಕನ್ನು ದೂರುತ್ತಾನೆಯೇ? ನಮ್ಮ ಕಾಲನ್ನೇ, ನಮ್ಮ ಕೈಯನ್ನೇ ಮರುಕದಿಂದ ನೋಡುತ್ತಾನೆ. ಮಾವನವರೂ ಒಂದೊಂದು ಚೈನು ವಾಪಸು ಹೋದಾಗ ಗರಗಸವನ್ನು ಹಾಗೇ ನೋಡುತ್ತಿದ್ದರು. ಎಣ್ಣೆಬಟ್ಟೆಯಲ್ಲಿ ಒರೆಸಿ, ಸಾಮಾನಿನ ಕೋಣೆಯ ಮಂಚದ ಮೇಲೆ ಗೋಣಿ ಹಾಸಿ ಮಲಗಿಸಿ, ಬಾಗಿಲು ಮುಂದಕ್ಕೆ ಎಳೆದು ಬರುತ್ತಿದ್ದರು. ಪಾಪ ಅನ್ನಿಸುತ್ತಿತ್ತು. ನನ್ನ ಬಗ್ಗೆ ಅದಕ್ಕಿಂತ ಹೆಚ್ಚು ಪಾಪ ಅನ್ನಿಸುತ್ತಿತ್ತು.

ಹೀಗೇ ವರ್ಷಗಳು ಉರುಳಿ ಮತ್ತೊಂದು ಆಯುಧಪೂಜೆ ಬಂತು. ಹಳೆಯ ಅಂಗಡಿಯ ಅಭ್ಯಾಸದಂತೆ ಮಾವನವರು ಗಜಕಡ್ಡಿ, ಕತ್ತರಿ, ಅವುಗಳ ಪಕ್ಕದಲ್ಲಿ ಗರಗಸವನ್ನು ಇಟ್ಟರು. ಅತ್ತೆ ಅಂದು ಸೇವಂತಿಗೆ ಹಾರ ಕಟ್ಟಿ, ಬೇರೆ ಕಡೆ ನಿಲ್ಲದೆ ಜಾರುತ್ತದೆಂದು ಆ ಪಟ್ಟಿಯ ಅಂಚಿಗೇ ಸುತ್ತ ತೊಡಿಸಿದರು. ಹಾರ ಸೀಳಿನಲ್ಲಿ ನೆಟ್ಟಗೆ ಕೂತುಬಿಟ್ಟಿತು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ. ಮಾವನವರು ಬಗ್ಗಿ ನೋಡಿ, “ಇದೊಂದು ಸರಿಯಾಗಿ ಕೂತಿತು ನೋಡು” ಎಂದರು. ದನಿಯಲ್ಲಿ ನಗು ಇತ್ತೋ ಸಂಕಟ ಇತ್ತೋ ತಿಳಿಯಲಿಲ್ಲ.

ಅತ್ತೆ ಆ ಸಮಯ ನೋಡಿಯೇ ಮಾತು ತೆಗೆದರು. “ರೀ, ನಾಳೆ ವಿಜಯದಶಮಿ. ಪೂಜೆ ಮಾಡಿದ ಆಯುಧದಲ್ಲಿ ನಾಳೆ ಕೆಲಸ ಶುರು ಮಾಡ್ಬೇಕು ತಾನೆ? ನೀವು ಮಿಷನ್ ತಂದು ಮರಕ್ಕೆ ಮುಟ್ಟಿಸಿ. ನಿಮ್ಮ ಕೈಲೇ ಶುರುವಾದ ಹಾಗಾಯ್ತು. ಮಿಕ್ಕಿದ್ದನ್ನ ಮುನಿಯಪ್ಪ ಮುಗಿಸ್ಲಿ.” ಮಾವನವರ ಮರ್ಯಾದೆಗೂ ಚ್ಯುತಿಯಿಲ್ಲ, ಮರವೂ ಹೋಗುತ್ತದೆ. ವಿಭೂತಿ ಗಟ್ಟಿಯನ್ನು ಬೆರಳಲ್ಲಿ ತಿರುಗಿಸುತ್ತ ಅವರು ಹೂಂ ಎಂದರು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ರೂಮಿನ ಕಿಟಕಿಗೆ ಯಾವ ಬಣ್ಣದ ಪರದೆ ಎಂಬುದನ್ನೂ ಹೋಳಿಗೆ ಬೇಯುವಷ್ಟರಲ್ಲಿ ತೀರ್ಮಾನಿಸಿದೆ.

ವಿಜಯದಶಮಿಯ ಸಂಜೆ ಎಲ್ಲ ಸಾಂಗವಾಗಿ ನಡೆಯಿತು. ಮರ ಕಡಿಯುವ ಮುಂಚೆ ಅದರ ಕ್ಷಮೆ ಕೇಳಬೇಕಲ್ಲ. ಅತ್ತೆ ಬೊಡ್ಡೆಗೆ ನೀರು ಹಾಕಿ, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದರು. ಮಾವನವರೂ ನಮ್ಮವರೂ ಗರಗಸವನ್ನು ಎತ್ತಿ ತಂದು ಮರಕ್ಕೆ ಮುಟ್ಟಿಸಿದರು. ಹಿಂದಿನ ದಿನ ಅಷ್ಟು ಸರಿಯಾಗಿ ಕೂತಿದ್ದ ಹಾರ ಬಾಡಿ ಸಡಿಲವಾಗಿತ್ತು. ಜಾರಿ ಒಂದು ಮುರಿದ ಕೊಂಬೆಯ ಮೋಟಿಗೆ ಸಿಕ್ಕಿಕೊಂಡಿತು. ಇರಲಿ ಬಿಡು ಎಂದು ಎಲ್ಲರೂ ಒಳಗೆ ಬಂದೆವು.

ಮರುದಿನ ಬೆಳಗ್ಗೆ ಮುನಿಯಪ್ಪ ಕೊಡಲಿ ಹೊತ್ತು ಬರುವಾಗ ಹಾಲು ಹಾಕುವ ಲಕ್ಷ್ಮಮ್ಮ ಮರವನ್ನು ಪ್ರದಕ್ಷಿಣೆ ಹಾಕುತ್ತಿದ್ದಳು. ಅವಳ ಹಿಂದೆ ಪಕ್ಕದ ಮನೆಯಾಕೆ. ಅವರ ಹಿಂದೆ, ಏನು ಎಂದು ಕೇಳಲು ಬಂದು ಕೇಳದೆ ಸುತ್ತಲು ಶುರುಮಾಡಿದ ಇನ್ನಿಬ್ಬರು. ಅರಳಿಗೆ, ಬೇವಿಗೆ ಇರುವ ಮರ್ಯಾದೆ ಹೊಂಗೆಗೆ ಎಂದೂ ಇರಲಿಲ್ಲ. ಒಂದೇ ರಾತ್ರಿಯಲ್ಲಿ ಬಂದುಬಿಟ್ಟಿತ್ತು. ಮುನಿಯಪ್ಪ ತಲೆಯ ಟವೆಲ್ ತೆಗೆದು ಕೊಡಲಿ ಕೆಳಗಿಟ್ಟ. “ಪೂಜೆ ಮಾಡಿದ ಮರಾನ ಅವತ್ತೇ ಕಡೀಬೇಕು ಯಜಮಾನ್ರೇ. ರಾತ್ರಿ ಬಿಟ್ರೆ ಅಮ್ಮ ಬಂದು ಕೂತ್ಕೊಂಬಿಡ್ತಾಳೆ. ಇನ್ನು ನನ್ ಕೈಲಾಗಕಿಲ್ಲ” ಎಂದು ಅಡ್ಡಬಿದ್ದು ಹೋಗಿಯೇಬಿಟ್ಟ.

ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಳು ತಡೆಯಲಾಗಲಿಲ್ಲ. ಹೊಗೆಯೆಂದು ಹೇಳಲು ಒಲೆಯೂ ಹತ್ತಿರದಲ್ಲಿರಲಿಲ್ಲ. ಮಾವನವರು ಅದನ್ನು ನೋಡಿದರು. ಅತ್ತೆ ಮರಕ್ಕೆ ಕೈ ಮುಗಿದು ಗಂಡನ ಕಡೆ ತಿರುಗಿ, “ದೇವರಿಗೇನೋ ಜಾಗ ಸಿಕ್ತು. ಇನ್ನು ಈ ಹುಡುಗೀಗೆ?” ಎಂದರು.

ಮಾವನವರು ನೆಟ್ಟಗೆ ಸಾಮಾನಿನ ಕೋಣೆಗೆ ಹೋದರು. ಹಂಡೆ ಹೊರಗೆ ಬಂತು, ಟೆಂಟಿನ ಗೂಟಗಳು ಬಂದವು. ನಮ್ಮವರು ಸಹಾಯಕ್ಕೆ ಹೋದರೆ ಬೇಡ ಎಂದರು. ಕೊನೆಯಲ್ಲಿ ಗರಗಸವನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದು, ನಮ್ಮವರನ್ನು ಕರೆದು ಅಟ್ಟಕ್ಕೆ ಏರಿಸಿದರು. ಕೋಣೆ ಗುಡಿಸಿದ ಮೇಲೆ ನೋಡುತ್ತೇನೆ, ಅದಕ್ಕೊಂದು ಕಿಟಕಿಯೂ ಇತ್ತು! ನಾವೆಲ್ಲ ಅಷ್ಟು ವರ್ಷ ಇಲ್ಲದ ರೂಮಿಗಾಗಿ ಮರದ ಕಡೆ ನೋಡುತ್ತಿದ್ದೆವು, ಇರುವ ರೂಮಿನಲ್ಲಿ ಗರಗಸ ಮಲಗಿತ್ತು.

“ಮಂಚ ಇಲ್ಲೇ ಇರ್ಲಮ್ಮ. ಅದಕ್ಕೆ ಹಾಸಿಗೆ ನಾನೇ ಹೊಲಿಸ್ತೀನಿ” ಎಂದರು ಮಾವನವರು. ಆಸ್ಪತ್ರೆಯ ಮಂಚ, ಅದೂ ಎಲ್ಲೂ ಇಲ್ಲದ ಅಳತೆಯದೇ. ಮತ್ತೆ ಎಷ್ಟು ವರ್ಷವೋ ಎಂದು ನಾನು ಅತ್ತೆಯ ಮುಖ ನೋಡಿದೆ. ಮಾವನವರಾಗಲೇ ಗಜಕಡ್ಡಿ ತಂದು ಮಂಚವನ್ನು ಅಳೆದಿದ್ದರು. ಅಳೆದ ಮೇಲೆ ಅಭ್ಯಾಸದಂತೆ ಒಂದು ಬೆರಳು ಮುಂದಕ್ಕೆ ಬಿಟ್ಟರು. ಅವರ ಕೈ ತಡೆಯಿತು. ಚೈನಿನ ನೆನಪಾಗಿರಬೇಕು. ನನ್ನನ್ನು ನೋಡಿ, “ಬಿಡ್ಲೇನಮ್ಮ?” ಎಂದು ಕೇಳಿದರು. ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಬಿಡಿ ಎಂದೆ. ಹತ್ತಿಯ ಹಾಸಿಗೆ, ಮಲಗುತ್ತ ಮಲಗುತ್ತ ಕುಗ್ಗಿತು, ಆ ಬೆರಳಷ್ಟು ಕೊಸರು ಸೇರಿ ಮಂಚಕ್ಕೆ ಸರಿಯಾಗಿ ಕೂತಿತು.

ಮಾವನವರು ಈಗಿಲ್ಲ. ಹೊಂಗೆಮರ ಇದೆ, ದೇವಿಯೂ ಇದ್ದಾಳೆ, ಶುಕ್ರವಾರ ಜನ ಹೆಚ್ಚು. ಆಯುಧಪೂಜೆಗೆ ಗರಗಸವನ್ನು ಅಟ್ಟದಿಂದ ಇಳಿಸಿ ಹಾರ ಕಟ್ಟುವ ಕೆಲಸ ಈಗ ನನ್ನದು. ಪ್ರತಿ ವರ್ಷವೂ ಹಾರ ಸ್ವಲ್ಪ ಜೋತಾಡುತ್ತದೆ. ಅಳತೆ ತಪ್ಪಿತಲ್ಲ ಎಂದು ನಮ್ಮವರು ಕೇಳುತ್ತಾರೆ. ತಪ್ಪಿಲ್ಲ. ಆ ಬೆರಳನ್ನು ನಾನು ಬೇಕೆಂದೇ ಬಿಟ್ಟಿರುತ್ತೇನೆ.