ಹಿಂದಿನ ಸಾಲಿಗೆ ಎರಡು

ಚಳಿಗಾಲದ ಸಂತೆಯಲ್ಲಿ ಅವರೆಕಾಯಿ ರಾಶಿಯ ಪಕ್ಕ ಹಾದರೆ ಈಗಲೂ ಆ ಸೊಗಡು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅರಕಲಗೂಡಿನ ನಮ್ಮ ಹಳೆಯ ಮನೆಯ ಪಡಸಾಲೆ, ಸಾರಿಸಿದ ನೆಲದ ತಂಪು, ಬೆರಳಿಗೆಲ್ಲ ಸೋನೆ ಅಂಟಿಸಿಕೊಂಡು ಕೂತ ಗೌರತ್ತೆ, ಎಲ್ಲ ಕಣ್ಣಮುಂದೆ ಬರುತ್ತವೆ. ಗೌರತ್ತೆ ಅಪ್ಪನ ತಂಗಿ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಮನೆಯಲ್ಲಿದ್ದರು. ಆ ವರ್ಷ ನಾನು ಲೆಕ್ಕದಲ್ಲಿ ಫೇಲಾಗಿದ್ದೆ. "ಇನ್ನೊಂದ್ಸಲ ಇಂಗಾದ್ರೆ ಇಸ್ಕೂಲು ಸಾಕು" ಎಂದು ಅಪ್ಪ ಹೇಳಿಬಿಟ್ಟಿದ್ದರು. ಮೂರು, ಐದು, ಏಳು, ಮುಂದೇನು ಎಂಬಂಥ ಲೆಕ್ಕ ಕಂಡರೆ, ಉತ್ತರವನ್ನು ಎಲ್ಲರಿಗೂ ಹೇಳಿ ನನಗೊಬ್ಬಳಿಗೇ ಮುಚ್ಚಿಟ್ಟಿದ್ದಾರೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಕಾಯಿ ಬಿಡಿಸುತ್ತಿದ್ದ ಗೌರತ್ತೆ ನೆಲದ ಮೇಲೆ ಮೂರು ಕಾಳಿಟ್ಟರು. ಅದರ ಕೆಳಗೆ ಐದು. "ಮುಂದಿನ ಸಾಲು ನೀನಿಕ್ಕು. ದೂರದ್ದು ಯೋಚ್ನೆ ಮಾಡಬ್ಯಾಡ. ಹಿಂದಿನ ಸಾಲು ನೋಡು, ಅದಕ್ಕೆರಡು ಸೇರ್ಸು, ಅಷ್ಟೇಯ." ಏಳಿಟ್ಟೆ. ಏಳನ್ನು ನೋಡಿ ಒಂಬತ್ತಿಟ್ಟೆ. ಸಾಲುಗಳು ಅಗಲವಾಗುತ್ತ ಕಂಬ ದಾಟಿ ಹೊಸ್ತಿಲು ಮುಟ್ಟಿದವು.

"ಇದು ಎಲ್ಲಿ ನಿಲ್ತದೆ, ಅತ್ತೆ?"

"ನಿಲ್ಲಾಕಿಲ್ಲ ಕಣೆ. ಕಾಳು ಮುಗೀತದೆ, ಸಾಲು ಮುಗಿಯಾಕಿಲ್ಲ."

ಆಮೇಲೆ ಅವರು ಮೊದಲ ಸಾಲಿಗೆ ಇನ್ನೊಂದು ಕಾಳು ಸೇರಿಸಿ ನಾಲ್ಕು ಮಾಡಿದರು. ಸೇರಿಸುವುದು ಅದೇ ಎರಡು. ಆದರೂ ಹೊಸ್ತಿಲವರೆಗಿನ ಪ್ರತಿ ಸಾಲೂ ಒಂದೊಂದು ಕಾಳು ಕೇಳಿತು. ಎಲ್ಲಿಂದ ಹೊರಟೆ, ಎಷ್ಟೆಷ್ಟು ಸೇರಿಸಿದೆ, ಇಷ್ಟು ಗೊತ್ತಿದ್ದರೆ ಕೊನೆಯಿಲ್ಲದ್ದೂ ಗೊತ್ತಾಗುತ್ತದೆ! ನನ್ನ ಮೈ ಜುಮ್ಮೆಂದಿತು. ಹೊಲದಿಂದ ಬಂದ ಅಪ್ಪನಿಗೂ ಹೇಳಿಕೊಟ್ಟೆ. ಅವರು ಚಕ್ಕಳಮಕ್ಕಳ ಹಾಕಿ ಕೂತು, ಒಂದು ಸಾಲು ತಾವೇ ಇಟ್ಟು, ಮಗುವಿನ ಹಾಗೆ ನಕ್ಕರು. ಮುಂದೆ ನನ್ನನ್ನು ಹಾಸನದ ಹೈಸ್ಕೂಲಿಗೆ ಸೇರಿಸಿದವರೂ ಅವರೇ.

ಗೌರತ್ತೆಯನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಹಾಸನದಲ್ಲಿ ಮೇಷ್ಟರು ಸಮಾಂತರ ಶ್ರೇಢಿ ಎಂದು ಬೋರ್ಡಿನ ಮೇಲೆ ಬರೆದು, ಹಿಂದಿನ ಪದದಿಂದ ಮುಂದಿನ ಪದ ಪಡೆಯುವ ಸೂತ್ರ ವಿವರಿಸಿದಾಗ ನನಗದು ಮೊದಲೇ ಗೊತ್ತಿತ್ತು. ಅತ್ತೆಯ ಕಾಳಿನ ಸಾಲೇ ಪಾಠದಲ್ಲಿದೆ ಎಂದು ರಜೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು "ಎಂಥಾ ತಲೆ ಕಣವ್ವ ಅವಳ್ದು! ನಮ್ಗೆ ಗೊತ್ತೇ ಆಗ್ಲಿಲ್ಲ" ಅಂದರು.

ಆ ಮನೆ ಕೆಡವಿ ಎಷ್ಟೋ ಕಾಲವಾಯಿತು. ಅಪ್ಪನೂ ಇಲ್ಲ. ಗೌರತ್ತೆಯನ್ನು ಅತ್ತೆ ಎಂದು ಕರೆದವರಲ್ಲಿ ಉಳಿದವಳು ನಾನೊಬ್ಬಳೇ.