ಉದ್ದಕ್ಕೆ ಮಡಿಸಿದ ಹೊಲ

ಮದ್ದೂರಿನ ಶಾಲೆಯಲ್ಲಿ ಹುಡುಗರ ಕೈಯಲ್ಲಿ ಕಾಗದ ಮಡಿಸಿ ಸಮಮಿತಿಯ ಗೆರೆ ಹುಡುಕಿಸುತ್ತಿದ್ದೆ. ವೃತ್ತವನ್ನು ನಡುವಿನಿಂದ ಹೇಗೆ ಮಡಿಸಿದರೂ ಅರ್ಧದ ಮೇಲೆ ಅರ್ಧ ಕೂರುತ್ತದೆ. ಚೌಕಕ್ಕೆ ನಾಲ್ಕು ಗೆರೆ. ಆಯತಕ್ಕೆ ಎರಡೇ: ಉದ್ದಕ್ಕೊಂದು, ಅಡ್ಡಕ್ಕೊಂದು. ಮೂಲೆಯಿಂದ ಮೂಲೆಗೆ ಮಡಿಸಿದರೆ ತುದಿಗಳು ಆಚೆ ಚಾಚಿಕೊಳ್ಳುತ್ತವೆ. ಅದೇ ದಿನ ಮಧ್ಯಾಹ್ನ ಊರಿನಲ್ಲಿ ನಮ್ಮ ಹೊಲ ಪಾಲಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರೆಯುವುದಿಲ್ಲ. ನೆನಪಿಗೆ ಎಲ್ಲವನ್ನೂ ಅಂಚಿಗೆ ಅಂಚು ಕೂಡಿಸುವ ಚಟ. ಪಾಠ ಯಾವತ್ತೋ, ಪಾಲು ಯಾವತ್ತೋ.

ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ಪಾಲು ಕೇಳಿದರು. ಕೊತ್ತತ್ತಿ ಕಡೆಯ ಆ ಹೊಲ ಅಳತೆ ಹಿಡಿದು ಬರೆದಂಥ ಆಯತ. ಅದರ ಮೂಡಲ ಉದ್ದಂಚಿಗೆ ಹೊಸದಾಗಿ ನಾಲೆ ಬಂದಿತ್ತು. ಅಲ್ಲಿಯವರೆಗೆ ಬರೀ ರಾಗಿ ಹೊಲ. ಮಳೆಯನ್ನೇ ನಂಬಿದ್ದ ಕಾಲದಲ್ಲಿ ಹೊಲವನ್ನು ಉದ್ದಕ್ಕೇ ಸೀಳುವುದು ನಮ್ಮವರ ಪದ್ಧತಿ: ಸಾಲು ಉದ್ದವಿದ್ದಷ್ಟೂ ಎತ್ತು ತಿರುಗಿಸುವ ಕೆಲಸ ಕಡಿಮೆ. ಹಿರಿಯನಿಗೆ ಮೂಡಲ ಪಾಲು, ಅದೂ ಪದ್ಧತಿ. ಎರಡೂ ಸೇರಿದರೆ ನಾಲೆಯ ಅಂಚು ಪೂರ್ತಿ ದೊಡ್ಡಪ್ಪನಿಗೆ. ಅಮ್ಮನಿಗೆ ನೀರು ಬೇಕಾದರೆ ಅದು ಅವರ ಗದ್ದೆ ದಾಟಿಯೇ ಬರಬೇಕು.

ಪಾಲು ಹೇಳಲು ನಮ್ಮ ಮನೆಗೆ ಬಂದ ಊರ ಯಜಮಾನರು ಹೆಗಲ ಮೇಲಿನ ಟವಲು ತೆಗೆದು ಉದ್ದಕ್ಕೆ ಮಡಿಸಿ ಅಮ್ಮನಿಗೆ ತೋರಿಸಿದರು.

“ನೋಡವ್ವ, ಎಲ್ಡೂ ಸಮ. ಒಂದೆಳೆ ಆಚೆ ಈಚೆ ಇಲ್ಲ.”

ನಾನು ಕಾಗದ ತೆಗೆದು ಒಂದು ಉದ್ದಂಚಿಗೆ ಪೆನ್ಸಿಲಿನಲ್ಲಿ ದಪ್ಪಗೆ ನಾಲೆ ಬರೆದೆ. ಉದ್ದಕ್ಕೆ ಮಡಿಸಿದೆ: ನಾಲೆ ಹೋಗಿ ಖಾಲಿ ಅಂಚಿನ ಮೇಲೆ ಬಿತ್ತು. ಅಡ್ಡಕ್ಕೆ ಮಡಿಸಿದೆ: ನಾಲೆಯ ಮೇಲೆ ನಾಲೆ ಕೂತಿತು.

“ನಾಲೆ ಬಂದ್ಮೇಲೆ ಈ ಹೊಲಕ್ಕೆ ಒಂದೇ ಗೆರೆ ದೊಡ್ಡಪ್ಪ, ಅಡ್ಡಗೆರೆ. ಅಂಗೆ ಪಾಲು ಮಾಡುದ್ರೆ ಇಬ್ರಿಗೂ ನೀರು.”

ಅವರಿಗೆ ಅರ್ಥವಾಗಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಸುಳ್ಳು. ಯಜಮಾನರು ಕಾಗದ ಇಸಿದುಕೊಂಡು ತಾವೇ ಎರಡೂ ಥರ ಮಡಿಸಿ ನೋಡಿದರು, ತಲೆದೂಗಿದರು, ಆಮೇಲೆ ದೊಡ್ಡಪ್ಪನ ಮುಖ ನೋಡಿದರು. ಹಾಗೆ ತಲೆದೂಗಿದ್ದನ್ನು ನಾನು ಕ್ಷಮಿಸಿಲ್ಲ.

“ಮೇಷ್ಟ್ರು ಕಾಗ್ದ ಉಳ್ತಾವ್ರೆ ಕಣ್ರಪ್ಪ,” ಎಂದರು ದೊಡ್ಡಪ್ಪ. ಕೂತವರು ನಕ್ಕರು. “ಲೇ, ಗಳಿಗ್ಗೊಂದ್ಸಲ ಎತ್ತು ತಿರುಗ್ಸಕ್ಕೆ ಮದ್ದೂರಿಂದ ನೀನ್ ಬತ್ತೀಯೇನ್ಲಾ?”

“ಬತ್ತೀನಿ.”

“ಓಗ್ಲಾ ಓಗು. ನೀರು ನಾನೇ ಬುಡ್ತೀನಿ. ಕೇಳುದ್ರೆ ಇಲ್ಲ ಅಂದೇನಾ?”

ಬಾಗಿಲ ಮರೆಯಿಂದ ಅಮ್ಮ ಹೇಳಿದಳು: “ಕೇಳ್ಬೇಕಲ್ಲ ಬಾವ.”

ಯಾರೂ ಅತ್ತ ತಿರುಗಲಿಲ್ಲ. ಕಲ್ಲುಗಳನ್ನು ಉದ್ದಕ್ಕೇ ನೆಟ್ಟರು.

ಆ ವರ್ಷ ಕಲ್ಲಿನ ಮೂಡಲಿಗೆ ಭತ್ತ, ಪಡುವಲಿಗೆ ಅಮ್ಮನ ರಾಗಿ. ನೆನಪು ಅವಳನ್ನು ಗೆದ್ದವಳಂತೆ ಬದುವಿನ ಮೇಲೆ ನಿಲ್ಲಿಸಲು ನೋಡುತ್ತದೆ. ಗೆಲ್ಲಲಿಲ್ಲ. ರಾಗಿ ಸೊರಗಿತ್ತು, ಅವಳೂ ಸೊರಗಿದ್ದಳು, ಒಂದು ಮಾತು ಕೇಳಬಾರದೇ ಎಂದು ನಾನೇ ಅವಳ ಮೇಲೆ ರೇಗಿದ್ದೆ. ಒಂದು ಭಾನುವಾರ ಹೋದಾಗ ದೊಡ್ಡಪ್ಪನ ಗದ್ದೆಯ ನೀರು ಬದುವಿನಲ್ಲಿ ಏಡಿ ಕೊರೆದ ತೂತಿನಿಂದ ನಮ್ಮ ಕಡೆಗೆ ಜಿನುಗುತ್ತಿತ್ತು. ಅಮ್ಮ ಕೂತು ಅದಕ್ಕೆ ಮಣ್ಣು ಮೆತ್ತುತ್ತಿದ್ದಳು.

ಆಚೆಯಿಂದ ದೊಡ್ಡಪ್ಪ ಕೂಗಿದರು: “ತಂತಾನೇ ಬತ್ತಾ ಇರೋ ನೀರಮ್ಮ ಅದು!”

“ನಾನು ಕೇಳಿಲ್ಲ ಬಾವ. ನಿಮ್ಮ ನೀರು ನೀವೇ ಇಟ್ಕಳಿ.”

ನಾನು ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತು, ಇನ್ನೊಂದು ಹಿಡಿ ಮಣ್ಣು ತೂತಿಗೆ ಒತ್ತಿದೆ.